ನಡುಗದ ಕೂಸು, ನಡುಗುವ ಅಜ್ಜಿ

ಕಲಬುರಗಿಯವರಾದ ನಾವು ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಹೆದರುವವರಲ್ಲ. ಆದರೆ ಬೆಳಗ್ಗೆ 10 ಡಿಗ್ರಿ ಎಂದರೆ ಕೌದಿ ಬಿಟ್ಟು ಏಳುವುದಿಲ್ಲ. ಹೋದ ಸಲ ಎಳ್ಳಮಾವಾಸ್ಯೆಗೆ ಬೀದರ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಲೆ ಮುಂದೆ ಕೂತ ಅಜ್ಜಿ ಗಡಗಡ ನಡುಗುತ್ತಿದ್ದಳು. ಮಡಿಲಲ್ಲಿ ಕುಂಚಿಗೆ ಕಟ್ಟಿಸಿಕೊಂಡ ಒಂದು ತಿಂಗಳ ಮರಿಮೊಮ್ಮಗ. ಅವನಿಗೆ ನಡುಕವೇ ಇಲ್ಲ. "ನೋಡು, ಕೂಸಿಗಿ ಥಂಡಿನೇ ಇಲ್ಲ" ಎಂದಳು.

ಥಂಡಿ ಆಗುತ್ತದೆ, ಎಳೆಗೂಸಿಗೆ ನಡುಗಲು ಸರಿಯಾಗಿ ಬರುವುದಿಲ್ಲ ಅಷ್ಟೇ. ಅದರ ಬದಲು ಅದರ ಬೆನ್ನ ಮೇಲ್ಭಾಗದಲ್ಲಿ, ಕುತ್ತಿಗೆಯಲ್ಲಿ, ಮೂತ್ರಪಿಂಡಗಳ ಸುತ್ತ ಕಂದು ಕೊಬ್ಬು ಇರುತ್ತದೆ. ನಮ್ಮ ಹೊಟ್ಟೆಯ ಬಿಳಿ ಕೊಬ್ಬು ಕೂಡಿಡುವ ಕಣಜ. ಇದು ಉರಿಸುವ ಒಲೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಈ ಒಲೆ ಚಿಕ್ಕದು. ಅಂಥ ಕೂಸನ್ನು ತಾಯಿಯ ಎದೆಗೆ ಅಂಟಿಸಿ ಬೆಚ್ಚಗಿಡಲು ಡಾಕ್ಟರು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಕಂದು ಬಣ್ಣ ಬರುವುದು ಮೈಟೊಕಾಂಡ್ರಿಯಾ ಎಂಬ, ಜೀವಕೋಶದೊಳಗಿನ ಪುಟ್ಟ ಕುಲುಮೆಗಳಿಂದ. ಅವುಗಳಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬೇರೆ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಆಹಾರ ಉರಿಸಿ, ಕೆಲಸಕ್ಕೆ ಬರುವ ಶಕ್ತಿ ಮಾಡಿಕೊಡುತ್ತದೆ. ಇಲ್ಲಿ ಯುಸಿಪಿ-1 ಎಂಬ ಪ್ರೋಟೀನು ನಡುವೆ ಒಂದು ತೂತು ತೆರೆದುಬಿಡುತ್ತದೆ. ಇಂಧನ ಉರಿಯುತ್ತದೆ, ಕೆಲಸ ಆಗುವುದಿಲ್ಲ, ಬರೀ ಬಿಸಿ ಹುಟ್ಟುತ್ತದೆ. ಗೇರ್ ಹಾಕದೆ ಟ್ರ್ಯಾಕ್ಟರ್ ರೇಸ್ ಮಾಡಿದ ಹಾಗೆ. 1930ರ ದಶಕದಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸಲು ಜನ ನುಂಗಿದರು. ಅದು ಇಡೀ ದೇಹದಲ್ಲಿ ಇಂಥದೇ ತೂತು ಕೊರೆಯುತ್ತಿತ್ತು. ಮೈ ಕಾದು ಕೆಲವರು ಸತ್ತೇಹೋದರು.

ದೊಡ್ಡವರಲ್ಲಿ ಕಂದು ಕೊಬ್ಬು ಉಳಿಯುವುದೇ ಇಲ್ಲ ಎಂದು ಬಹಳ ಕಾಲ ನಂಬಿದ್ದರು. ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನಿನಲ್ಲಿ ಕೆಲವರ ಕುತ್ತಿಗೆಯ ಎರಡೂ ಬದಿ ಹೊಳೆಯುತ್ತಿತ್ತು. ಸ್ನಾಯು ಬಿಗಿದಿರಬೇಕು ಅಂದುಕೊಂಡಿದ್ದರು. 2009ರಲ್ಲಿ ಮೂರು ಸಂಶೋಧಕ ತಂಡಗಳು ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅದು ಕಂದು ಕೊಬ್ಬೇ ಎಂದು ತೋರಿಸಿದವು. ಅದರಲ್ಲಿ ಡಚ್ ತಂಡ 24 ಗಂಡಸರನ್ನು 16 ಡಿಗ್ರಿಯಲ್ಲಿ ಕೂರಿಸಿತ್ತು. 23 ಜನರಲ್ಲಿ ಒಲೆ ಹೊತ್ತಿಕೊಂಡಿತು.

ಇದೆ ಅಂತಾಯಿತು, ಸರಿ. ಎಷ್ಟು ಉರಿಸುತ್ತದೆ? ಇಲ್ಲೇ ಪೇಚಾಟ.

ಖಾಲಿ ಹೊಟ್ಟೆಯಲ್ಲಿ ಒಬ್ಬರನ್ನು ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಗುಮ್ಮಟ ಇಡುತ್ತಾರೆ. ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಬಂತು ಎಂದು ಯಂತ್ರ ಅಳೆಯುತ್ತದೆ. ಒಂದು ಲೀಟರ್ ಆಮ್ಲಜನಕ ಅಂದರೆ ಹೆಚ್ಚುಕಮ್ಮಿ 4.8 ಕಿಲೊಕ್ಯಾಲೊರಿ. ಮೊದಲು ಬೆಚ್ಚಗಿರುವಾಗ ಅಳೆಯಬೇಕು. ಆಮೇಲೆ ತಣ್ಣೀರು ಹರಿಯುವ ಅಂಗಿ ತೊಡಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ತಂಪು ಮಾಡುತ್ತಾ ಹೋಗುತ್ತಾರೆ. ನಡುಕ ಶುರುವಾದರೆ ನೀರನ್ನು ತುಸು ಬಿಸಿ ಮಾಡುತ್ತಾರೆ. ನಡುಗುವ ಸ್ನಾಯುವೂ ಇಂಧನ ತಿನ್ನುತ್ತದೆ, ಹಾಗಾದರೆ ಲೆಕ್ಕ ಕೆಟ್ಟಿತು. ಕಣ್ಣಿಗೆ ಕಾಣದ ನಡುಕವೂ ಉಂಟು. ಅದನ್ನು ಹಿಡಿಯಲು ಚರ್ಮದ ಮೇಲೆ ತಂತಿ ಅಂಟಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಸಿಗುವುದು ಮನೆ ಬಾಗಿಲ ಕರೆಂಟ್ ಮೀಟರ್ ಇದ್ದಂತೆ. ಒಟ್ಟು ಯೂನಿಟ್ ಗೊತ್ತಾಯಿತು. ಕೂಲರ್ ಎಷ್ಟು ತಿಂತು, ಪಂಪ್ ಎಷ್ಟು ತಿಂತು, ಯಾರಿಗೆ ಗೊತ್ತು?

ಪೆಟ್ ಸ್ಕ್ಯಾನ್ ಇದರ ಉಲ್ಟಾ. ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟರೆ, ಕಂದು ಕೊಬ್ಬು ಅದನ್ನು ಎಳೆದುಕೊಂಡು ಹೊಳೆಯುತ್ತದೆ. ಯಾವ ಕೋಣೆಯಲ್ಲಿ ದೀಪ ಉರಿಯುತ್ತಿದೆ ಎಂದು ಕಂಡಿತು, ಯೂನಿಟ್ ಎಷ್ಟೆಂದು ಕಾಣಲಿಲ್ಲ. ಯಾಕೆಂದರೆ ಕಂದು ಕೊಬ್ಬಿನ ಮುಖ್ಯ ಇಂಧನ ತನ್ನೊಳಗೇ ಇರುವ ಕೊಬ್ಬಿನ ಹನಿಗಳು. ಸಕ್ಕರೆ ಅದಕ್ಕೆ ನೆಂಚಿಕೊಳ್ಳುವ ಹಿಂಡಿ ಇದ್ದ ಹಾಗೆ. ಹಿಂಡಿ ಎಷ್ಟು ಖಾಲಿಯಾಯಿತು ಎಂದು ನೋಡಿ ರೊಟ್ಟಿ ಎಣಿಸಲಾದೀತೆ?

ವಿಕಿರಣ ಸೂಸುವ ಆಮ್ಲಜನಕವನ್ನೇ ಉಸಿರಾಡಿಸಿ ನೋಡಿದವರೂ ಇದ್ದಾರೆ. ಅದು ಎರಡು ನಿಮಿಷಕ್ಕೆ ಅರ್ಧ ಕರಗುತ್ತದೆ. ತಯಾರಿಸುವ ಯಂತ್ರ ಪಕ್ಕದಲ್ಲೇ ಇರಬೇಕು. ಹಾಗೆ ಅಳೆದಾಗ ಬಂದ ಲೆಕ್ಕ ದಿನಕ್ಕೆ ಹತ್ತಾರು ಕಿಲೊಕ್ಯಾಲೊರಿ, ನೂರಾರು ಅಲ್ಲ. ಒಂದು ಜೋಳದ ರೊಟ್ಟಿಯಲ್ಲೇ ನೂರರ ಮೇಲಿದೆ. ಐಸ್ ನೀರಲ್ಲಿ ಕೂತು ಹೊಟ್ಟೆ ಕರಗಿಸುತ್ತೇನೆ ಎನ್ನುವವರ ವಿಡಿಯೊ ನೋಡಿದಾಗ ನನಗೆ ಈ ರೊಟ್ಟಿ ನೆನಪಾಗುತ್ತದೆ. ಚಳಿಯಲ್ಲಿ ಮೈ ಜಾಸ್ತಿ ಉರಿಸುವುದು ನಿಜ, ಆದರೆ ಅದರ ದೊಡ್ಡ ಪಾಲು ಸ್ನಾಯುಗಳದ್ದು.

ವಯಸ್ಸಾದಂತೆ ಕಂದು ಕೊಬ್ಬು ಕುಗ್ಗುತ್ತದೆ. ಅಜ್ಜಿಗೆ ಉಳಿದದ್ದು ನಡುಕವೇ. ನಮಗೂ ಒಂದು ಮಾತಿದೆ. 2014ರಲ್ಲಿ ನೆದರ್ಲ್ಯಾಂಡ್ಸ್‌ನ ಲೈಡನ್‌ನಲ್ಲಿ ದಕ್ಷಿಣ ಏಷ್ಯಾ ಮೂಲದ 12 ಯುವಕರನ್ನು ಅಲ್ಲಿಯ 12 ಬಿಳಿಯ ಯುವಕರ ಜೊತೆ ಹೋಲಿಸಿದರು. ನಮ್ಮ ಕಡೆಯವರಲ್ಲಿ ಕಂದು ಕೊಬ್ಬು ಸುಮಾರು ಮೂರನೇ ಒಂದರಷ್ಟು ಕಮ್ಮಿ ಕಂಡಿತು. ನೀರು ಅಷ್ಟೇನೂ ತಂಪಾಗುವ ಮೊದಲೇ ನಡುಗಿದರು. 24 ಜನರ ಮೇಲಿನ ಲೆಕ್ಕ, ತೀರ್ಪು ಅಂತ ಹಿಡಿಯಬೇಡಿ. ಆದರೂ ಕೌದಿಯೊಳಗೆ ಇನ್ನರ್ಧ ಗಂಟೆ ಮಲಗಲು ನನಗೆ ಅಷ್ಟು ನೆಪ ಸಾಕು.