ಜ್ವರ ಬಂದ ದಿನ ಮಾತ್ರೆ ನಿಲ್ಲಿಸುವವರಿಗೆ

"ಜ್ವರ ಇತ್ತಲ್ಲ ಡಾಕ್ಟ್ರೇ, ಅದಕ್ಕೇ ಸ್ಟಿರಾಯ್ಡ್ ಎರಡು ದಿನ ಕೊಡಲಿಲ್ಲ." ಎಪಿಎಸ್-1 (ದೇಹದ ರೋಗನಿರೋಧಕ ಶಕ್ತಿಯೇ ತನ್ನ ಹಾರ್ಮೋನು ಗ್ರಂಥಿಗಳನ್ನು ಕೆಡಿಸುವ ಅಪರೂಪದ ಕಾಯಿಲೆ) ಇರುವ ಮಕ್ಕಳ ಮನೆಯವರಿಂದ ಈ ಮಾತು ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಅಕ್ಕರೆಯಿಂದಲೇ ಆಗುವ ತಪ್ಪು, ಆದರೆ ಜೀವಕ್ಕೇ ಕುತ್ತು.

ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಎಐಆರ್‌ಇ ಜೀನ್ ಬಂದಾಗ ಈ ಕಾಯಿಲೆ ಬರುತ್ತದೆ. ಸಾಮಾನ್ಯವಾಗಿ ಮೊದಲು ಬಾಯಲ್ಲಿ ಬಿಟ್ಟೂ ಬಿಡದ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು, ಆಮೇಲೆ ಕುತ್ತಿಗೆಯಲ್ಲಿದ್ದು ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿ ಸೋತು ಕ್ಯಾಲ್ಸಿಯಂ ಇಳಿಕೆ, ಕೊನೆಗೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಸೋಲು. ಸರದಿ ತಪ್ಪುವುದೂ ಉಂಟು, ನಡುವೆ ವರ್ಷಗಳು ಉರುಳುವುದೂ ಉಂಟು.

ಅಡ್ರಿನಲ್ ಸೋತವರಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಸ್ಟಿರಾಯ್ಡೇ, ನಿಜ. ಆದರೆ ಅದು ಊತ ಇಳಿಸಲು ಕೊಡುವ ದೊಡ್ಡ ಡೋಸ್ ಅಲ್ಲ. ಗ್ರಂಥಿ ಸುರಿಸಬೇಕಿದ್ದ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಷ್ಟಕ್ಕಷ್ಟೇ ತುಂಬಿಕೊಡುವುದು. ವಯಸ್ಕರಿಗೆ ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಮೂರು ಪಾಲು ಮಾಡಿ, ದೊಡ್ಡ ಪಾಲು ಬೆಳಿಗ್ಗೆ ಎದ್ದೊಡನೆ. ಆರೋಗ್ಯವಾಗಿರುವ ಗ್ರಂಥಿ ಜ್ವರದ ದಿನ ತಾನಾಗಿಯೇ ಹೆಚ್ಚು ಸುರಿಸುತ್ತದೆ. ಸೋತ ಗ್ರಂಥಿಗೆ ಅದಾಗದು, ಆ ಕೆಲಸ ನಿಮ್ಮದು. ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ದಿನದ ಡೋಸ್ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು. ಜ್ವರ ಬಿಟ್ಟ ಮೇಲೆ ಒಂದೆರಡು ದಿನದಲ್ಲಿ ಹಳೆಯ ಡೋಸಿಗೆ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾತ್ರೆ ಮತ್ತೊಮ್ಮೆ. ಅದೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾದು ನೋಡುವ ಮಾತೇ ಇಲ್ಲ: ವಯಸ್ಕರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ತೊಡೆಯ ಸ್ನಾಯುವಿಗೆ ಚುಚ್ಚಿ, ನೇರ ಆಸ್ಪತ್ರೆಗೆ. ಮಕ್ಕಳ ಡೋಸ್ ಬೇರೆ. ನಿಮ್ಮ ವೈದ್ಯರಿಂದ ಬರೆಸಿಕೊಂಡು ಇಂಜೆಕ್ಷನ್ ಜೊತೆಯಲ್ಲೇ ಇಡಿ. ಚುಚ್ಚುವುದನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿರಲಿ. ಅಗತ್ಯವಿಲ್ಲದೆ ಒಂದು ದಿನ ಹೆಚ್ಚು ಕೊಟ್ಟರೆ ಆಗುವ ನಷ್ಟ ಅಲ್ಪ, ಬೇಕಾದ ದಿನ ಕೊಡದಿದ್ದರೆ ಹಾಗಲ್ಲ.

ಕ್ಯಾಂಡಿಡಾಕ್ಕೆ ಕೀಟೋಕೊನಜೋಲ್ ಮಾತ್ರೆ ಬರೆದವರಿಗೆ ಈ ಕಾಯಿಲೆಯ ಹೆಸರು ಹೇಳಿ. ಅದು ಕಾರ್ಟಿಸಾಲ್ ತಯಾರಿಯನ್ನೇ ತಡೆಯುತ್ತದೆ. ಥೈರಾಯ್ಡ್ ಕೂಡ ಸೋತಿದ್ದರೆ ಹೈಡ್ರೋಕಾರ್ಟಿಸೋನ್ ಮೊದಲು, ಥೈರಾಕ್ಸಿನ್ ಆಮೇಲೆ. ತಿರುವುಮುರುವಾದರೆ ಥೈರಾಕ್ಸಿನ್ ಉಳಿದಿರುವ ಚೂರುಪಾರು ಕಾರ್ಟಿಸಾಲನ್ನೂ ಬೇಗ ಕರಗಿಸಿ ಜೀವಕ್ಕೆ ಕುತ್ತಾಗುವ ಅಡ್ರಿನಲ್ ಬಿಕ್ಕಟ್ಟಿಗೆ ತಳ್ಳಬಹುದು.

ಇನ್ನು, ಅಡ್ರಿನಲ್ ಇನ್ನೂ ಚೆನ್ನಾಗಿದೆ ಎಂದುಕೊಂಡಿರುವವರಲ್ಲಿ ಕ್ಯಾಲ್ಸಿಯಂ ಮಾತ್ರೆಯ ಅಗತ್ಯ ಇದ್ದಕ್ಕಿದ್ದಂತೆ ಕಡಿಮೆಯಾದರೆ ಹಿಗ್ಗಬೇಡಿ. ಅದು ಅಡ್ರಿನಲ್ ಸೋಲುತ್ತಿರುವ ಸುಳಿವಾಗಿರಬಹುದು. ರಕ್ತದಲ್ಲಿ ಬೆಳಗಿನ ಕಾರ್ಟಿಸಾಲ್, ಅಡ್ರಿನಲನ್ನು ದುಡಿಸುವ ಎಸಿಟಿಎಚ್ ಹಾರ್ಮೋನ್, ಉಪ್ಪು-ರಕ್ತದೊತ್ತಡ ಸರಿತೂಗಿಸುವ ರೆನಿನ್ ನೋಡಿಸಿ. ಹೈಡ್ರೋಕಾರ್ಟಿಸೋನ್ ಶುರುವಾದ ಮೇಲೆ ಕ್ಯಾಲ್ಸಿಯಂ ಮತ್ತೆ ಕುಸಿದು ತುಟಿ, ಬೆರಳು ಜುಮ್ಮೆನ್ನಬಹುದು. ಆ ವಾರಗಳಲ್ಲಿ ರಕ್ತಪರೀಕ್ಷೆ ಪದೇ ಪದೇ ಬೇಕು.