ಮನೆಯ ಮಾದರಿ ರೈಲಿಗೆ ಯಾವ ಡಿಸಿಸಿ? ಗೊಂದಲದ ಬೇರು ಎಲ್ಲಿದೆ

ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಹತ್ತುವ 55 ಕಿ.ಮೀ. ಘಾಟಿಯಲ್ಲಿ ಏರು 50ಕ್ಕೆ 1. ಭರ್ತಿ ಗೂಡ್ಸ್ ಗಾಡಿಯನ್ನು ಮುಂದಿನ ಎಂಜಿನ್‌ಗಳಷ್ಟೇ ಎಳೆದು ತರಲಾರವು, ಹಿಂದಿನಿಂದ ಬ್ಯಾಂಕರ್ ಎಂಬ ಸಹಾಯಕ ಎಂಜಿನ್ ತಳ್ಳಬೇಕು. ಹಾಸನದ ಮನೆಯೊಂದರ ಕೋಣೆಯಲ್ಲಿ ದೋಣಿಗಲ್, ಎಡಕುಮೇರಿಯ ಸುರಂಗಗಳನ್ನು ಪ್ಲೈವುಡ್ ಮೇಲೆ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವ ಸಮಸ್ಯೆಯೂ ಇದೇ: ಒಂದೇ ಹಳಿಯ ಮೇಲಿರುವ ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸುವುದು ಹೇಗೆ? ಉತ್ತರ ಸಿಕ್ಕಿ 30 ವರ್ಷವಾಯಿತು: ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕಳುಹಿಸುವ ಪದ್ಧತಿ. ಯಾವ ಕಂಪನಿಯ ನಿಯಂತ್ರಣ ಡಬ್ಬಿ ಕೊಳ್ಳಬೇಕೆಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಹಳೆಯ ಪದ್ಧತಿ ಸರಳ. ಎರಡು ಹಳಿಗೆ 12 ವೋಲ್ಟ್‌ವರೆಗಿನ ಡಿಸಿ. ವೋಲ್ಟೇಜ್ ಏರಿಸಿದರೆ ವೇಗ, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಹಿಮ್ಮುಖ. ಎರಡನೇ ಗಾಡಿ ಬಂದ ಕೂಡಲೇ ತೊಂದರೆ ಶುರು. ಹಳಿಯನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಂದು ಸ್ವಿಚ್ಚು ಹಾಕಿ, ಗಾಡಿ ಮುಂದೆ ಹೋದಂತೆಲ್ಲ ಸ್ವಿಚ್ಚು ಒತ್ತುತ್ತಾ ಹೋಗಬೇಕು. ಬ್ಯಾಂಕರ್ ಹಿಂದಿನಿಂದ ಮೆಲ್ಲಗೆ ಬಂದು ಗಾಡಿಗೆ ತಾಗಿ ತಳ್ಳುವುದಂತೂ ಆಗದ ಮಾತು, ಒಂದೇ ತುಂಡಿನಲ್ಲಿರುವ ಎರಡೂ ಎಂಜಿನ್‌ಗೆ ಸಿಗುವುದು ಒಂದೇ ವೋಲ್ಟೇಜ್.

ಇದನ್ನು ದಾಟುವ ಪ್ರಯತ್ನ 1963ರಷ್ಟು ಹಳೆಯದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಅಸ್ಟ್ರಾಕ್ ಹಳಿಯ ಮೂಲಕವೇ ಬೇರೆ ಬೇರೆ ಕಂಪನಾಂಕದ ಸಂಕೇತ ಕಳುಹಿಸಿ 5 ಎಂಜಿನ್‌ಗಳನ್ನು ಆಳುತ್ತಿತ್ತು. 1979ರಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಝೀರೋ-1 ತಂದಿತು, ಅದರಲ್ಲಿ 16 ಎಂಜಿನ್. 1980ರ ದಶಕದ ಮಧ್ಯದಲ್ಲಿ ಜರ್ಮನಿಯ ಮಾರ್ಕ್ಲಿನ್ 80 ವಿಳಾಸಗಳ ಡಿಜಿಟಲ್ ಮಾರಿತು. ಒಂದರ ಎಂಜಿನ್ ಇನ್ನೊಂದರ ಹಳಿಯಲ್ಲಿ ಓಡುತ್ತಿರಲಿಲ್ಲ. ಕಂಪನಿ ತಯಾರಿಕೆ ನಿಲ್ಲಿಸಿದರೆ ಕೊಂಡವರ ಪಾಡು ಕೇಳುವವರಿಲ್ಲ.

ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ, ಅಂದರೆ ಎನ್‌ಎಂಆರ್‌ಎ, ನಡುವೆ ಬಂದದ್ದು ಇದಕ್ಕಾಗಿಯೇ. ಜರ್ಮನಿಯ ಬರ್ನ್ಡ್ ಲೆಂಜ್ ಅವರ ಕಂಪನಿಯು ಮಾದರಿ ರೈಲು ತಯಾರಕರಾದ ಮಾರ್ಕ್ಲಿನ್, ಆರ್ನಾಲ್ಡ್‌ಗಳಿಗಾಗಿ ರೂಪಿಸಿದ್ದ ಎರಡು ಹಳಿಯ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಸಂಘ 1994ರಲ್ಲಿ ಎಸ್-9.1, ಎಸ್-9.2 ಎಂಬ ಮಾನಕಗಳನ್ನು ಒಪ್ಪಿತು. ಡಿಸಿಸಿ ಎಂದರೆ ಇದೇ. ಹಳಿಯಲ್ಲಿ ಯಾವಾಗಲೂ ಪೂರ್ಣ ವೋಲ್ಟೇಜ್ ಇರುತ್ತದೆ, ಅದರ ದಿಕ್ಕು ಮಾತ್ರ ಕ್ಷಣಕ್ಷಣಕ್ಕೆ ತಿರುಗುತ್ತದೆ. 58 ಮೈಕ್ರೋಸೆಕೆಂಡಿಗೆ ತಿರುಗಿದರೆ ಅದು 1, ಸುಮಾರು 100 ಅಥವಾ ಹೆಚ್ಚು ಹಿಡಿದರೆ 0. ಈ ಸೊನ್ನೆ ಒಂದುಗಳಲ್ಲೇ ಎಂಜಿನ್ನಿನ ವಿಳಾಸ, ಆಜ್ಞೆ, ತಪ್ಪು ಪತ್ತೆಯ ಬೈಟು ಸಾಗುತ್ತವೆ. ಎಂಜಿನ್ ಒಳಗಿನ ಡಿಕೋಡರ್ ತನ್ನ ವಿಳಾಸಕ್ಕೆ ಬಂದದ್ದನ್ನು ಮಾತ್ರ ಪಾಲಿಸಿ ಮೋಟರ್ ತಿರುಗಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಆ ಮಾನಕ ಹಿಡಿದದ್ದು ಹಳಿ ಮತ್ತು ಡಿಕೋಡರ್ ನಡುವಿನ ಮಾತನ್ನು ಮಾತ್ರ. ಕೈಯಲ್ಲಿ ಹಿಡಿದು ಗಾಡಿ ಓಡಿಸುವ ಥ್ರಾಟಲ್, ಹಳಿಗೆ ಹೋಗುವ ಸಂಕೇತ ರಚಿಸುವ ಕಮಾಂಡ್ ಸ್ಟೇಷನ್ನಿನೊಂದಿಗೆ ಹೇಗೆ ಮಾತಾಡಬೇಕೆಂಬುದನ್ನು ಕಂಪನಿಗಳಿಗೇ ಬಿಟ್ಟಿತು. ಹಾಗಾಗಿ ಒಂದೊಂದು ಕಂಪನಿಗೂ ಒಂದೊಂದು ಸಂಪರ್ಕ ಜಾಲ: ಡಿಜಿಟ್ರಾಕ್ಸ್‌ಗೆ ಲೋಕೋನೆಟ್, ಲೆಂಜ್‌ಗೆ ಎಕ್ಸ್‌ಪ್ರೆಸ್‌ನೆಟ್, ಎನ್‌ಸಿಇಗೆ ಅದರದೇ ಕ್ಯಾಬ್ ಬಸ್. ಯಾವ ಕಂಪನಿಯ ಡಿಕೋಡರ್ ಆದರೂ ನಡೆಯುತ್ತದೆ, ಥ್ರಾಟಲ್ ಮಾತ್ರ ಹಾಗಲ್ಲ. ಇದು ಗೊತ್ತಾದರೆ ಅರ್ಧ ಗೊಂದಲ ಕರಗುತ್ತದೆ: ನೀವು ಆರಿಸುತ್ತಿರುವುದು ಎಂಜಿನ್ನಿನ ಭವಿಷ್ಯವನ್ನಲ್ಲ, ಒಂದು ಥ್ರಾಟಲ್ ಮತ್ತು ಅದರ ವೈರನ್ನು.

ಆ ಬೇಲಿಯನ್ನು ಕೆಡವಿದ್ದು ಕಂಪನಿಗಳಲ್ಲ. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶ ಬೇರೆ ಬೇರೆ ಕಂಪನಿಗಳ ಡಬ್ಬಿಗಳನ್ನು ಒಂದೇ ಕಂಪ್ಯೂಟರಿನಿಂದ ನಡೆಸಲು ದಾರಿ ಮಾಡಿತು. ಅದರ ಮುಂದಾಳು, ಭೌತವಿಜ್ಞಾನಿ ರಾಬರ್ಟ್ ಜೇಕಬ್‌ಸನ್, ಪೇಟೆಂಟ್ ಶುಲ್ಕ ಕೇಳಿದ ಪ್ರತಿಸ್ಪರ್ಧಿ ತಂತ್ರಾಂಶ ಮಾರಾಟಗಾರ ಮ್ಯಾಥ್ಯೂ ಕ್ಯಾಟ್ಜರ್ ವಿರುದ್ಧ ಕೋರ್ಟಿಗೆ ಹೋದರು. ಜೆಎಂಆರ್‌ಐನ ಕಡತಗಳನ್ನು ಪರವಾನಗಿ ಷರತ್ತು ಪಾಲಿಸದೆ ಬಳಸಿಕೊಂಡ ಆರೋಪವೂ ಅದಕ್ಕೆ ಸೇರಿತು. 2008ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ, ಮುಕ್ತ ತಂತ್ರಾಂಶದ ಪರವಾನಗಿ ಷರತ್ತು ಮುರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯೂ ಆಗಬಹುದು ಎಂದಿತು. ಆಟಿಕೆ ರೈಲಿನ ಜಗಳವೊಂದು ತಂತ್ರಾಂಶ ಲೋಕಕ್ಕೇ ಕಾನೂನು ಹೇಳಿಕೊಟ್ಟಿತು! ಮುಂದೆ ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕ ಬೋರ್ಡ್ ಬಳಸಿ ಮನೆಯಲ್ಲೇ ಕಮಾಂಡ್ ಸ್ಟೇಷನ್ ಕಟ್ಟಿಕೊಳ್ಳುವ ಡಿಸಿಸಿ++, ಅದರಿಂದ ಬೆಳೆದ ಡಿಸಿಸಿ-ಇಎಕ್ಸ್ ಬಂದವು.

ಈಗ ಆಯ್ಕೆಯ ವಿಷಯ. ಮೂರು ನಾಲ್ಕು ಎಂಜಿನ್, ಒಬ್ಬರೇ ಓಡಿಸುವವರು, ಬೆಸುಗೆ ಹಾಕುವ ಹವ್ಯಾಸವಿಲ್ಲ ಎಂದಾದರೆ ಎನ್‌ಸಿಇ ಪವರ್ ಕ್ಯಾಬ್‌ನಂಥದ್ದು ಸಾಕು. ಥ್ರಾಟಲ್, ಕಮಾಂಡ್ ಸ್ಟೇಷನ್, ಸಂಕೇತಕ್ಕೆ ಶಕ್ತಿ ತುಂಬಿ ಹಳಿಗೆ ಕೊಡುವ ಬೂಸ್ಟರ್ ಮೂರೂ ಅದರ ಹಿಡಿಯೊಳಗೇ ಇವೆ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿಕೊಳ್ಳಿ. ಬರೀ 120 ಎಂದಿದ್ದರೆ ನಮ್ಮ 230ಕ್ಕೆ ಚುಚ್ಚಿದ ಕ್ಷಣ ಅದರ ಕಥೆ ಮುಗಿಯಿತು. ಮನೆಮಂದಿಯೆಲ್ಲ ಫೋನಿನಿಂದಲೇ ಓಡಿಸಬೇಕೆಂದರೆ ರೋಕೋದ ಝಡ್21 ಸಲೀಸು, ಅದರ ಕಪ್ಪು ಡಬ್ಬಿಗೆ ಲೋಕೋನೆಟ್, ಎಕ್ಸ್‌ಪ್ರೆಸ್‌ನೆಟ್ ಎರಡರ ಸಾಧನಗಳನ್ನೂ ಜೋಡಿಸಬಹುದು.

ಹಾಸನ, ಚಿಕ್ಕಮಗಳೂರಿನವರಿಗೆ ನಮ್ಮ ಒಲವು ಡಿಸಿಸಿ-ಇಎಕ್ಸ್ ಕಡೆಗೆ. ವಿದೇಶದ ಡಬ್ಬಿ ಕೆಟ್ಟರೆ ಕೊರಿಯರ್, ಕಸ್ಟಮ್ಸ್ ಎಂದು ತಿಂಗಳುಗಟ್ಟಲೆ ಕಾಯಬೇಕು. ಇದರ ಭಾಗಗಳಾದರೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತವೆ: ಆರ್ಡುಯಿನೋ ಮೆಗಾ 2560 ಬೋರ್ಡ್, ಅದರ ಮೇಲೆ ಕೂರುವ ಎಲ್298 ಮೋಟರ್ ಶೀಲ್ಡ್, ಇಎಸ್‌ಪಿ8266 ವೈಫೈ ತುಣುಕು, 14–15 ವೋಲ್ಟ್ ಡಿಸಿ ಅಡಾಪ್ಟರ್. ಶೀಲ್ಡ್ ಚಿಪ್ ಸುಮಾರು 2 ವೋಲ್ಟ್ ನುಂಗುವುದರಿಂದ ಹಳಿಗೆ 12–13 ಸಿಗುತ್ತದೆ, 16.5 ಮಿ.ಮೀ. ಅಗಲದ ಎಚ್‌ಒ ಅಳತೆಯ ಹಳಿಗೆ ಅಷ್ಟು ಸಾಲುತ್ತದೆ. ಶೀಲ್ಡ್‌ನ ಬೆನ್ನಲ್ಲಿರುವ 'ವಿನ್ ಕನೆಕ್ಟ್' ಜೋಡಣೆಯನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಲೇಬೇಕು. ಮರೆತರೆ ಹಳಿಯ 15 ವೋಲ್ಟ್ ನೇರ ಮೆಗಾ ಬೋರ್ಡಿಗೆ ಹೋಗಿ ಅದರ ರೆಗ್ಯುಲೇಟರ್ ಕಾದು ಕೆಡುತ್ತದೆ. ಶೀಲ್ಡ್‌ನ ಮಿತಿ ಚಾನೆಲ್ಲಿಗೆ 2 ಆಂಪಿಯರ್: ಎ ಚಾನೆಲ್ ಮುಖ್ಯ ಹಳಿಗೆ, ಬಿ ಚಾನೆಲ್ ಡಿಕೋಡರ್‌ಗೆ ವಿಳಾಸ ಮುಂತಾದವನ್ನು ಬರೆಯುವ ಪ್ರೋಗ್ರಾಮಿಂಗ್ ಹಳಿಗೆ. ಈಚಿನ ಎಚ್‌ಒ ಎಂಜಿನ್ ಓಡುವಾಗ ಅರ್ಧ ಆಂಪಿಯರ್ ಆಚೀಚೆ ಎಳೆಯುತ್ತದೆ ಎಂದಿಟ್ಟುಕೊಂಡರೆ ಘಾಟಿ ಗಾಡಿಯ ಮೂರು ಎಂಜಿನ್‌ಗೆ ಇದು ಸಾಕು. ಐದಾರು ಒಟ್ಟಿಗೆ ಓಡಬೇಕೆಂದರೆ 5 ಆಂಪಿಯರ್ ಬೂಸ್ಟರ್ ಬೇಕು.

ಡಬ್ಬಿಗಿಂತ ಹೆಚ್ಚು ತಲೆನೋವು ಕೊಡುವುದು ವೈರು. ಹಳಿಯಡಿ ಉದ್ದಕ್ಕೂ 2.5 ಚದರ ಮಿ.ಮೀ. ತಾಮ್ರದ ಮನೆ ವೈರು ಎಳೆದು, ಪ್ರತಿ ಮೀಟರಿಗೊಮ್ಮೆ 0.5ರ ತೆಳು ವೈರಿನಿಂದ ಹಳಿಗೆ ಬೆಸೆಯಿರಿ. ಹಳಿಗಳ ನಡುವಿನ ಜಾಯಿನರ್ ನಂಬಬೇಡಿ, ಸಕಲೇಶಪುರದ ಒಂದು ಮಳೆಗಾಲ ಸಾಕು ಅದು ಕಿಲುಬು ಹಿಡಿಯಲು. ಹಳಿ ನಿಕ್ಕಲ್ ಸಿಲ್ವರ್‌ನದ್ದೇ ಇರಲಿ. 6 ಮೀಟರ್ ದೂರಕ್ಕೆ 5 ಆಂಪಿಯರ್ ಹರಿದರೆ 2.5ರ ವೈರಿನಲ್ಲಿ ಹೋಗಿ ಬರುವ ನಷ್ಟ ಅರ್ಧ ವೋಲ್ಟ್‌ಗೂ ಕಡಿಮೆ. ಅಲ್ಲೇ 0.5ರ ವೈರು ಹಾಕಿದರೆ 2 ವೋಲ್ಟ್‌ಗೂ ಹೆಚ್ಚು. ನಿಜವಾದ ಅಪಾಯ ವೇಗ ತಗ್ಗುವುದಲ್ಲ. ದೂರದ ಮೂಲೆಯಲ್ಲಿ ಗಾಡಿ ಹಳಿ ತಪ್ಪಿ ಶಾರ್ಟ್ ಆದಾಗ, ತೆಳು ವೈರಿನ ತಡೆಯಿಂದಾಗಿ ಬೂಸ್ಟರಿಗೆ ಅದು ಶಾರ್ಟ್ ಎಂದೇ ಗೊತ್ತಾಗುವುದಿಲ್ಲ, ಹತ್ತಾರು ವಾಟ್ ಶಾಖಕ್ಕೆ ಚಕ್ರದ ಪ್ಲಾಸ್ಟಿಕ್ ಕರಗುತ್ತದೆ. ಪರೀಕ್ಷೆ ಸುಲಭ: ಎರಡು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಇಡಿ. ಬೂಸ್ಟರ್ ತಕ್ಷಣ ಕಟ್ ಆಗಬೇಕು. ಒಂದು ಕಡೆ ನೋಡಿ ಬಿಡಬೇಡಿ, ಹಳಿಯ ಪ್ರತಿ ಮೀಟರಿಗೂ ಮಾಡಿ.

ಹಳೆಯ ಎಂಜಿನ್ನಿಗೆ ಡಿಕೋಡರ್ ಕೂರಿಸುವಾಗ ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ದೀಪಗಳ ಸಾಮಾನ್ಯ ಪ್ಲಸ್. ಮೊದಲು ಮೋಟರಿನ ಎರಡೂ ಬ್ರಷ್ ಲೋಹದ ಚಾಸಿಗೆ ಎಲ್ಲೂ ತಾಗುತ್ತಿಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಿ. ಹೊಸ ಡಿಕೋಡರ್ ಸುಡುವುದು ಹೆಚ್ಚಾಗಿ ಇಲ್ಲೇ.

ಹೊಸ ಡಿಕೋಡರ್‌ಗಳ ವಿಳಾಸ ಸಾಮಾನ್ಯವಾಗಿ 3. ಹಾಗಾಗಿ ಎರಡು ಎಂಜಿನ್ ಹಳಿಗಿಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ. ಒಂದೊಂದನ್ನೇ ಪ್ರೋಗ್ರಾಮಿಂಗ್ ಹಳಿಗೆ ತಂದು ಬದಲಿಸಿ. ಭಾರತೀಯ ರೈಲ್ವೆಯ ಐದಂಕಿಯ ಎಂಜಿನ್ ಸಂಖ್ಯೆ ಇಲ್ಲಿ ಹಿಡಿಸದು, ಡಿಸಿಸಿಯ ಮಿತಿ 10239. ಕೊನೆಯ ನಾಲ್ಕಂಕಿ ಬಳಸಿ. 100ರಿಂದ 127ರ ನಡುವಿನ ಸಂಖ್ಯೆ ಬೇಡ, ಅದನ್ನು ಕೆಲವು ಕಂಪನಿಗಳು ಗಿಡ್ಡ ವಿಳಾಸವೆಂದೂ ಕೆಲವು ಉದ್ದ ವಿಳಾಸವೆಂದೂ ತಿಳಿಯುತ್ತವೆ. ಬರೆಯುವ ಮಧ್ಯೆ ಕರೆಂಟು ಹೋದರೆ ಡಿಕೋಡರ್ ಒಳಗಿನ ಅಂಕಿಗಳು ಕಲಸಿಹೋಗಬಹುದು, ಅಡಾಪ್ಟರ್ ಯುಪಿಎಸ್ ಮೇಲಿರಲಿ. ಕೆಟ್ಟರೆ ಅನೇಕ ಡಿಕೋಡರ್‌ಗಳಲ್ಲಿ ಸಿವಿ (ಡಿಕೋಡರ್ ನೆನಪಿಡುವ ಹೊಂದಾಣಿಕೆಯ ಅಂಕಿ) 8ಕ್ಕೆ 8 ಬರೆದು ಮೊದಲ ಸ್ಥಿತಿಗೆ ತರಬಹುದು.

ಬ್ಯಾಂಕರ್ ಜೋಡಿಸುವುದು ಸಿವಿ 19ರಲ್ಲಿ. ಗಾಡಿಗೆ 50 ಎಂಬ ಸಾಮಾನ್ಯ ವಿಳಾಸ ಕೊಟ್ಟರೆ ಮುಂದಿನ ಎಂಜಿನ್ನಿಗೆ 50, ಹಿಮ್ಮುಖವಾಗಿ ನಿಂತ ಬ್ಯಾಂಕರಿಗೆ 128 ಕೂಡಿಸಿ 178. ಅದಕ್ಕೂ ಮುಂಚೆ ವೇಗ ಎಷ್ಟು ನಿಧಾನವಾಗಿ ಏರಿ ಇಳಿಯಬೇಕೆಂದು ಹೇಳುವ ಸಿವಿ 3, 4 ಎರಡನ್ನೂ ಸೊನ್ನೆ ಮಾಡಿ, ಎಂಜಿನ್‌ಗಳನ್ನು ಒಂದೊಂದಾಗಿ 1 ಮೀಟರ್ ಓಡಿಸಿ ಸಮಯ ಹಿಡಿದು, ಸಿವಿ 2, 5, 6ರಲ್ಲಿ ಆರಂಭದ, ಗರಿಷ್ಠ, ನಡುವಿನ ವೇಗ ಹೊಂದಿಸಿ. ಬ್ಯಾಂಕರ್ ಚುರುಕಾದರೆ ತಿರುವಿನಲ್ಲಿ ಖಾಲಿ ವ್ಯಾಗನ್‌ಗಳು ಹೊರಕ್ಕೆ ಹಾರುತ್ತವೆ, ಮಂದವಾದರೆ ಒಳಕ್ಕೆ ಉರುಳುತ್ತವೆ.

ಗಾಡಿಯ ಹಳಿ ಬದಲಿಸುವ ಪಾಯಿಂಟ್‌ಗಳನ್ನೂ ಡಿಸಿಸಿಯಿಂದಲೇ ತಿರುಗಿಸುವ ಆಸೆ ಬರುತ್ತದೆ. ಆದರೆ ತಪ್ಪು ದಿಕ್ಕಿಗಿರುವ ಪಾಯಿಂಟಿಗೆ ಗಾಡಿ ನುಗ್ಗಿದರೆ ಶಾರ್ಟ್ ಆಗಿ ಇಡೀ ಹಳಿ ಕಟ್. ಹಳಿ ಕಟ್ ಆದರೆ ಅದೇ ಹಳಿಯಿಂದ ಕರೆಂಟು ಪಡೆಯುವ ಪಾಯಿಂಟನ್ನು ಸರಿಪಡಿಸುವಂತಿಲ್ಲ. ಮನೆಯ ಲೇಔಟಿಗೆ ಪಾಯಿಂಟ್ ಮೋಟರಿಗೆ ಬೇರೆಯೇ 12 ವೋಲ್ಟ್ ಅಡಾಪ್ಟರ್, ಒಂದೊಂದಕ್ಕೂ ಒಂದು ಸ್ವಿಚ್ಚು ಇಡುವುದೇ ಮೇಲು.