ಎಂಬಿಬಿಎಸ್ ಕ್ಲಾಸು ಶುರುವಾಗುವ ಮುನ್ನ ಬೋನ್ ಸೆಟ್, ಸ್ಟೆತಸ್ಕೋಪ್ ಕೊಳ್ಳಲೇಬೇಕೇ?

ಪ್ರಶ್ನೆ: ಮಗಳಿಗೆ ಎಂಬಿಬಿಎಸ್ ಸೀಟು ಸಿಕ್ಕಿದೆ, ಮುಂದಿನ ವಾರ ಓರಿಯಂಟೇಶನ್. ಕಾಲೇಜಿನ ಎದುರಿನ ಅಂಗಡಿಯವರು ಉದ್ದನೆಯ ಪಟ್ಟಿ ಕೊಟ್ಟಿದ್ದಾರೆ: ಏಪ್ರನ್, ಡಿಸೆಕ್ಷನ್ ಬಾಕ್ಸ್, ಬೋನ್ ಸೆಟ್, ಸ್ಟೆತಸ್ಕೋಪ್, ರಾಶಿ ಪುಸ್ತಕ. ಎಲ್ಲವನ್ನೂ ಈಗಲೇ ಕೊಳ್ಳಬೇಕೇ?

ಉತ್ತರ: ಬೇಡ. ಮೊದಲ ವಾರಕ್ಕೆ ಉದ್ದ ತೋಳಿನ ಎರಡು ಕಾಟನ್ ಏಪ್ರನ್, ಬೆರಳು ಮುಚ್ಚುವ ಶೂ ಮತ್ತು ಒಂದಷ್ಟು ಪಾಸ್‌ಪೋರ್ಟ್ ಅಳತೆಯ ಫೋಟೊ ಇದ್ದರೆ ಸಾಕು. ಒಂದು ಏಪ್ರನ್ ಮೃತದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ಗೇ ಮೀಸಲಿಡಲಿ. ಅದಕ್ಕೆ ಹತ್ತುವ ಜಿಡ್ಡು, ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಮನೆ ಬಟ್ಟೆಯ ಜೊತೆ ಒಗೆಯಬೇಡಿ.

ಆರಂಭದ ದಿನಗಳು ಪಾಠದವಲ್ಲ, ಫೌಂಡೇಶನ್ ಕೋರ್ಸಿನವು. 2019ರ ಹೊಸ ಪಠ್ಯಕ್ರಮದಲ್ಲಿ ಇದಕ್ಕೆ ಒಂದು ತಿಂಗಳು, 175 ಗಂಟೆ ಇಟ್ಟಿದ್ದರು. ಆಮೇಲೆ ಅವಧಿ ತಗ್ಗಿಸಿದರು. ಎದೆ ಒತ್ತಿ ಪ್ರಾಣ ಉಳಿಸುವ ಸಿಪಿಆರ್, ಸರಿಯಾಗಿ ಕೈ ತೊಳೆಯುವುದು, ಆಸ್ಪತ್ರೆಯ ಕಸವನ್ನು ಯಾವ ಬಣ್ಣದ ಚೀಲಕ್ಕೆ ಹಾಕಬೇಕೆಂಬುದು, ಹೊರರಾಜ್ಯದವರಿಗೆ ಕನ್ನಡ, ಇವೆಲ್ಲ ಇದರಲ್ಲೇ ಬರುತ್ತವೆ. ಬರೀ ಭಾಷಣ ಅಂದುಕೊಂಡು ಊರಿನಲ್ಲೇ ಉಳಿದುಬಿಡುವವರಿದ್ದಾರೆ. ಹಾಗೆ ಮಾಡಬಾರದು, ಹಾಜರಿ ಇಲ್ಲಿಂದಲೇ ಶುರು. ವರ್ಷದ ಕೊನೆಗೆ ಪರೀಕ್ಷೆಗೆ ಕೂರಲು ಥಿಯರಿಯಲ್ಲಿ ಶೇ. 75, ಪ್ರಾಕ್ಟಿಕಲ್‌ನಲ್ಲಿ ಶೇ. 80 ಬೇಕು.

ಇನ್ನು ಪಟ್ಟಿಗೆ ಬರೋಣ. ಡಿಸೆಕ್ಷನ್ ಬಾಕ್ಸ್ ಬೇಕು, ಆದರೆ ಚಿಕ್ಕದು ಸಾಕು: ಹಲ್ಲಿರುವ ಒಂದು ಫೋರ್ಸೆಪ್ಸ್ (ಚಿಮಟ), ಹಲ್ಲಿಲ್ಲದ ಒಂದು, ಕತ್ತರಿ, ಸ್ಕ್ಯಾಲ್ಪೆಲ್ (ಕೊಯ್ಯುವ ಚಾಕು) ಹಿಡಿ. ಹಿಡಿ ಕೊಳ್ಳುವಾಗ ನಂಬರ್ ನೋಡಿ. 3ನೇ ನಂಬರಿನ ಹಿಡಿಗೆ 10, 11, 15ರ ಬ್ಲೇಡ್ ಕೂರುತ್ತವೆ. 4ನೇ ನಂಬರಿಗೆ 20ರಿಂದ 24. ಅದಲುಬದಲಾದರೆ ಬ್ಲೇಡ್ ಸರಿಯಾಗಿ ಕೂರದೆ ಒತ್ತಿದಾಗ ಜಾರಿ ಕೈ ಕುಯ್ಯುತ್ತದೆ. ಬ್ಲೇಡ್ ಹಾಕುವುದಾಗಲಿ ತೆಗೆಯುವುದಾಗಲಿ ಫೋರ್ಸೆಪ್ಸ್‌ನಿಂದಲೇ, ಬರಿ ಬೆರಳಿನಿಂದಲ್ಲ. ಹೊಸಬರ ಸಾಮಾನ್ಯ ತಪ್ಪು ಚರ್ಮವನ್ನು ಆಳವಾಗಿ ಕೊಯ್ಯುವುದು. ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿರುವ ಸಣ್ಣ ನರಗಳು ಅಲ್ಲಿಗೆ ತುಂಡಾಗುತ್ತವೆ, ಆಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ದೇಹವನ್ನು ಕೆಡದಂತೆ ಇಡುವ ಫಾರ್ಮಲಿನ್ ಕಣ್ಣು ಮೂಗು ಉರಿಸುತ್ತದೆ. ಮಗಳು ಕಾಂಟಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಆ ಹೊತ್ತಿಗೆ ಕನ್ನಡಕವೇ ಒಳ್ಳೆಯದು. ಸಾಮಾನ್ಯ ಸರ್ಜಿಕಲ್ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಹೊದಿಕೆ ತೆಗೆದ ಮೊದಲ ಕೆಲವು ನಿಮಿಷ ಹಿಂದೆ ಸರಿದು ನಿಲ್ಲುವುದೇ ಹೆಚ್ಚು ಉಪಯೋಗ. ತಲೆ ಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಹೆದರಿದ್ದಕ್ಕಷ್ಟೇ ಬೀಳುವುದಿಲ್ಲ. ತಿಂಡಿ ಬಿಟ್ಟು ಬಂದು, ಮಂಡಿ ಬಿಗಿ ಹಿಡಿದು ಒಂದೇ ಕಡೆ ನಿಂತಿರುತ್ತಾರೆ. ರಕ್ತ ಕಾಲಲ್ಲೇ ಉಳಿದು ತಲೆಗೆ ಕಡಿಮೆಯಾಗುತ್ತದೆ. ಕಣ್ಣು ಮಂಜಾದ ಕೂಡಲೇ ನಾಚಿಕೆಪಡದೆ ನೆಲಕ್ಕೆ ಕೂತು ತಲೆ ಬಗ್ಗಿಸಬೇಕು. (ಫಾರ್ಮಲಿನ್ ವಾಸನೆಗೆ ಹಸಿವು ಜಾಸ್ತಿ ಎಂಬುದು ಹಾಸ್ಟೆಲ್‌ಗಳ ಹಳೆಯ ಮಾತು. ಮಧ್ಯಾಹ್ನ ಮೆಸ್‌ನಲ್ಲಿ ನೋಡಿದರೆ ನಿಜ ಅನ್ನಿಸುತ್ತದೆ.)

ಬೋನ್ ಸೆಟ್‌ಗೆ ದುಡ್ಡು ಹಾಕುವ ಮುನ್ನ ಅನಾಟಮಿ ವಿಭಾಗದಲ್ಲಿ ವಿಚಾರಿಸಿ. ಎಷ್ಟೋ ಕಡೆ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅವರೇ ಮೂಳೆ ಕೊಡುತ್ತಾರೆ. ಎರಡನೇ ವರ್ಷಕ್ಕೆ ಹೋದ ಸೀನಿಯರ್‌ಗಳ ಹತ್ತಿರವೂ ಇರುತ್ತವೆ. ಕೈಕಾಲುಗಳ ಮೂಳೆ ಒಂದು ಬದಿಯವು ಇದ್ದರೆ ಸಾಕು, 206 ಮೂಳೆಯೂ ಬೇಕಿಲ್ಲ. ಪ್ಲಾಸ್ಟಿಕ್ ಸೆಟ್ ಹೆಸರು ಕಲಿಯಲು ಅಡ್ಡಿಯಿಲ್ಲ, ಆದರೆ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಸಾಲದು. ಅಲ್ಲಿ ಕೊರಳೆಲುಬನ್ನು (ಕ್ಲಾವಿಕಲ್) ಕೈಗಿತ್ತು ಕೇಳುವ ಮೊದಲ ಪ್ರಶ್ನೆ ‘ಎಡದ್ದೋ ಬಲದ್ದೋ?’ ಅದನ್ನು ಹೇಳಲು ಅಡಿಭಾಗದ ತೋಡು, ಚಪ್ಪಟೆಯಾದ ಹೊರತುದಿ, ದಪ್ಪನೆಯ ಒಳತುದಿ ಗುರುತಿಸಬೇಕು. ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಆ ತೋಡೇ ಸರಿಯಾಗಿ ಮೂಡಿರುವುದಿಲ್ಲ. ಸಾಮಾನ್ಯವಾಗಿ ತೋಳಿನಿಂದಲೇ ಪಾಠ ಶುರುವಾಗುವುದರಿಂದ ಮೊದಲಿಗೆ ಅಷ್ಟು ಮೂಳೆ ಸಿಕ್ಕರೂ ನಡೆಯುತ್ತದೆ.

ಸ್ಟೆತಸ್ಕೋಪ್ ಫಿಸಿಯಾಲಜಿ ಪ್ರಾಕ್ಟಿಕಲ್‌ನಲ್ಲಿ ಬಿಪಿ ನೋಡುವಾಗ ಬೇಕಾಗುತ್ತದೆ, ಅದಕ್ಕೆ ಸಾಧಾರಣ ಬೆಲೆಯದು ಸಾಕು. ಕಿವಿಗೆ ಹಾಕುವ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು; ತಿರುಗಾಮುರುಗಾ ಹಾಕಿಕೊಂಡು ‘ಏನೂ ಕೇಳಿಸುತ್ತಿಲ್ಲ’ ಅನ್ನುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಪುಸ್ತಕಗಳನ್ನು ಮೊದಲು ಲೈಬ್ರರಿಯಿಂದ ತಂದು ನಾಲ್ಕು ಪುಟ ಓದಿ ನೋಡಲಿ, ಆಮೇಲೆ ವಿಷಯಕ್ಕೊಂದು ಕೊಂಡರಾಯಿತು.

ಅಂಗಡಿಯ ಪಟ್ಟಿಯಲ್ಲಿ ಇಲ್ಲದ, ಆದರೆ ನಿಜಕ್ಕೂ ಈಗಲೇ ಆಗಬೇಕಾದ ಖರ್ಚೊಂದಿದೆ: ಹೆಪಟೈಟಿಸ್ ಬಿ ಲಸಿಕೆ. ಸೂಜಿ ಚುಚ್ಚಿಕೊಂಡರೆ ರಕ್ತದಿಂದ ಬರುವ ಸೋಂಕು ಇದು. ಮಗುವಾಗಿದ್ದಾಗ ಹಾಕಿಸಿದ ಕಾರ್ಡ್ ಮನೆಯಲ್ಲಿದೆಯೇ ಹುಡುಕಿ. ಇಲ್ಲದಿದ್ದರೆ ಮೂರು ಡೋಸ್: ಮೊದಲನೆಯದು ಈಗ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಪರೀಕ್ಷೆ ಮಾಡಿಸಿ, ಅದು 10 mIU/mLಗಿಂತ ಕಡಿಮೆ ಬಂದರೆ ಮತ್ತೆ ಡೋಸ್ ಬೇಕಾಗುತ್ತದೆ. ಈ ವಾರವೇ ಮೊದಲ ಡೋಸ್ ಹಾಕಿಸಿದರೆ ವಾರ್ಡಿನ ಪೋಸ್ಟಿಂಗ್ ಬರುವ ಹೊತ್ತಿಗೆ ಮೂರೂ ಮುಗಿದಿರುತ್ತವೆ.